ಗುಲಾಬಿ ಬಂತ್

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಸಿಟ್ಟಿನಿಂದಲೇ ಆದದ್ದು. ನಮ್ಮ ಅತ್ತೆ ಮನೆಗೆ ಬಂದವರಿಗೆಲ್ಲ, "ನಮ್ಮ ಸೊಸಿ ಮಗ್ಗಲಾಗ ಕಡ್ಡಿಪೆಟ್ಟಿಗಿ ಇಡಬ್ಯಾಡ್ರಿ" ಎಂದು ಹೇಳುತ್ತಿದ್ದರು. ಹೇಳಿಕೊಳ್ಳಲಿ. ಅವರೇನು ಕಡಿಮೆಯವರಲ್ಲ.

ನನ್ನ ತವರು ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಯೆಣೆಗೂರಿನ ಹತ್ತಿರದ ಹಳ್ಳಿ, ಕೊಟ್ಟದ್ದು ನಿಲಂಗಾಕ್ಕೆ. ಎರಡೂ ಮನೆಯಲ್ಲಿ ಕನ್ನಡ. ಹೊಸ್ತಿಲು ದಾಟಿದರೆ ಮರಾಠಿ: ಸಾಲಿಯಲ್ಲಿ, ಬಜಾರದಲ್ಲಿ, ಉಮರ್ಗಾದ ಬಸ್ಸಿನ ಕಂಡಕ್ಟರನ ಹತ್ತಿರ. ನಾನು ಮರಾಠಿ ಸಾಲಿಯಲ್ಲೇ ಓದಿ, ಮರಾಠಿ ಮಂದಿಯ ನಡುವೆಯೇ ಎಂ.ಎಸ್ಸಿ. ಮುಗಿಸಿದವಳು. ಲೆಕ್ಕ ಮಾಡುವುದು ಮರಾಠಿಯಲ್ಲಿ, ತರಕಾರಿ ಚೌಕಾಸಿ ಮರಾಠಿಯಲ್ಲಿ. ಆದರೆ ಸಿಟ್ಟು ಬಂದರೆ ಮಾತ್ರ ಬಾಯಿ ತಾನಾಗಿಯೇ ಕನ್ನಡಕ್ಕೆ ಹೊರಳುತ್ತದೆ. ಮರಾಠಿಯಲ್ಲಿ ಬೈದರೆ ನನಗೆ ಬೈದ ಹಾಗೇ ಅನಿಸುವುದಿಲ್ಲ.

ನಿಲಂಗಾದ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕಾಯಂ ನೌಕರಿ ಅಲ್ಲ. ಎಷ್ಟು ತಾಸು ಪಾಠವೋ ಅಷ್ಟಕ್ಕೆ ಪಗಾರ. ಹೀಗೆ ಕಲಿಸುವವರಿಗೆ ಹೆಸರಿಲ್ಲ. ಆಫೀಸಿನವರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದು "ತಾಸಾಚ್ಯಾ ಮ್ಯಾಡಂ", ಅಂದರೆ ತಾಸಿನ ಮ್ಯಾಡಂ. ಸ್ಟಾಫ್‌ರೂಮಿನಲ್ಲಿ ಕಾಯಂ ಮಂದಿಗೆ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಗೊತ್ತಾಗಿತ್ತು. ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸ್ಟೂಲಿಗೆ ಬೆನ್ನಿಲ್ಲ, ಒಂದು ಕಾಲು ಬೇರೆ ಗಿಡ್ಡ. ಆ ಸ್ಟೂಲಿನ ಮೇಲೆ ನನಗಿದ್ದ ಸಿಟ್ಟನ್ನು ನೆನೆದರೆ ಈಗಲೂ ಟೊಂಕ ಚಳಕ್ಕೆನ್ನುತ್ತದೆ.

ಇನ್ನು ನಮ್ಮ ಪ್ರಾಚಾರ್ಯರು. ಉದಗೀರದವರು. ಉದ್ದಕ್ಕೆ, ಕಪ್ಪಗೆ, ಗಂಟುಗಂಟಾಗಿ ಇದ್ದರು. ಪುಸ್ತಕದಿಂದ ಎತ್ತಿಟ್ಟಂಥ ಮರಾಠಿ. ನಕ್ಕದ್ದನ್ನು ಕಂಡವರಿಲ್ಲ, ಒಂದು ಮಾತು ಕೇಳಿದರೆ ಅರ್ಧ ಮಾತು ಕೊಡುವವರು. ನಾನು ಅವರಿಗೆ ಹುಣಸಿಬೊಡ್ಡಿ ಎಂದು ಹೆಸರಿಟ್ಟಿದ್ದೆ. ಹಿಂದೆ ಅನ್ನುತ್ತಿರಲಿಲ್ಲ, ಎದುರಿಗೇ ಅನ್ನುತ್ತಿದ್ದೆ. ಅವರು ನನಗೆ ಬಿಸಿಲು ಹೊತ್ತಿನ ಪಾಠ ಹಾಕಿದರೆ ನಾನು ಮುಖ ನಗಿಸಿಕೊಂಡು, ಮೆಲ್ಲಗೆ, "ಆಗ್ಲಿ ಹುಣಸಿಬೊಡ್ಡಿ, ನಿಂದೇ ನಡೀಲಿ" ಎಂದು ಕನ್ನಡದಲ್ಲಿ ಹೇಳಿ, ಆಮೇಲೆ ಜೋರಾಗಿ ಮರಾಠಿಯಲ್ಲಿ, "ಹೋ ಸರ್, ಬರೋಬರ್ ಆಹೇ ಸರ್" ಅನ್ನುತ್ತಿದ್ದೆ. ಹೌದು ಸರ್, ಸರಿಯಾಗಿದೆ ಸರ್. ಒಂದು ಸಲ ಅವರು, ಮೊದಲು ಏನೋ ಅಂದಿರಲ್ಲ ಮ್ಯಾಡಂ, ಏನದು, ಎಂದು ಕೇಳಿದರು. ನಮ್ಮ ಮನೆದೇವರ ಹೆಸರು ಸರ್, ಒಳ್ಳೆಯ ಕೆಲಸಕ್ಕೆ ಮೊದಲು ನೆನೆಯುತ್ತೇನೆ, ಅಂದೆ. ಅವರು ತಲೆ ಆಡಿಸಿ, "ಛಾನ್" ಅಂದರು. ಅಂದರೆ, ಚೆನ್ನಾಗಿದೆ. ನಾನು ಲ್ಯಾಬಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ವರ್ಷ ನಮ್ಮ ವಿಷಯಕ್ಕೆ ಒಂದು ಕಾಯಂ ಜಾಗ ಮಂಜೂರಾಗುವುದೆಂದು ಸುದ್ದಿಯಾಯಿತು. ಹೊರಗಿನಿಂದ ತಜ್ಞರು ಬರುತ್ತಾರೆ, ಸಂಸ್ಥೆಯ ಅಧ್ಯಕ್ಷರು ಬರುತ್ತಾರೆ, ಅವರ ಮುಂದೆ ಪ್ರಯೋಗ ಮಾಡಿ ಪಾಠ ಮಾಡಿ ತೋರಿಸಬೇಕು. ಒಪ್ಪಿದರೆ ಜಾಗ ನನ್ನದು, ಒಪ್ಪದಿದ್ದರೆ ಜಾಗವೇ ರದ್ದು. ಆಫೀಸಿನ ಕ್ಲಾರ್ಕು ದಿನಾ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ, "ಬಘಾ ಮ್ಯಾಡಂ, ನಾಹೀತರ್ ಪದ ಬಂದ್" ಅನ್ನುತ್ತಿದ್ದ. ನೋಡ್ರಿ, ಇಲ್ಲದಿದ್ದರೆ ಹುದ್ದೆ ಬಂದ್. ಆ ಬಂದ್ ಎಂಬ ಮಾತು ನನ್ನ ಕಿವಿಯಲ್ಲಿ ಮನೆ ಮಾಡಿತು. ರೊಟ್ಟಿ ಬಡಿಯುವಾಗ ಬಂದ್, ಬಟ್ಟೆ ಒಗೆಯುವಾಗ ಬಂದ್.

ಕೊಟ್ಟ ವಿಷಯ ಟೈಟ್ರೇಶನ್. ತೀವ್ರ ಆಮ್ಲ ಒಂದು, ಸೌಮ್ಯ ಆಮ್ಲ ಒಂದು, ಎರಡನ್ನೂ ಕ್ಷಾರದಿಂದ ತಣಿಸಿ ತೋರಿಸುವುದು. ಮರಾಠಿ ಪುಸ್ತಕದಲ್ಲಿ ಕ್ಷಾರಕ್ಕೆ ಆಮ್ಲಾರಿ ಎನ್ನುತ್ತಾರೆ, ಆಮ್ಲದ ವೈರಿ. ಮೇಲೆ ಉದ್ದನೆಯ ಗಾಜಿನ ಕೊಳವೆ, ಅದೇ ಬ್ಯೂರೆಟ್ಟು, ಅದರಲ್ಲಿ ಕಾಸ್ಟಿಕ್ ಸೋಡಾದ ನೀರು, ತುದಿಗೆ ಒಂದು ಸಣ್ಣ ನಳ. ಕೆಳಗೆ ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಒಂದೆರಡು ಹನಿ ಫಿನಾಲ್ಫ್‌ಥಲೀನ್. ನಳ ತಿರುವಿ ಹನಿ ಹನಿ ಬಿಡುತ್ತಾ ಫ್ಲಾಸ್ಕು ಅಲ್ಲಾಡಿಸಬೇಕು. ಆಮ್ಲ ತೀರುವ ತನಕ ನೀರು ಬಣ್ಣವಿಲ್ಲದೆ ಇರುತ್ತದೆ. ತೀರಿದ ಮೇಲೆ ಒಂದೇ ಒಂದು ಹನಿ ಹೆಚ್ಚಾಯಿತೋ, ತಿಳಿ ಗುಲಾಬಿ. ಆ ಗುಲಾಬಿ ನಿಂತ ಕೂಡಲೇ ನಳ ಮುಚ್ಚಬೇಕು. ಇಷ್ಟೇ ವಿದ್ಯೆ.

ಹುಡುಗರು ತಪ್ಪುವುದು ಬೇರೆ ಕಡೆ. ಸೌಮ್ಯ ಆಮ್ಲ ಅಲ್ಲವೇ, ಅದಕ್ಕೆ ಕಡಿಮೆ ಕ್ಷಾರ ಸಾಕು ಎಂದು ತಿಳಿಯುತ್ತಾರೆ. ಅಲ್ಲ. ನಾನು ಅವರಿಗೆ ಹೀಗೆ ಹೇಳುತ್ತಿದ್ದೆ: ತೀವ್ರ ಆಮ್ಲ ನನ್ನ ಹಾಗೆ, ನೀರಿಗೆ ಬಿದ್ದ ಕೂಡಲೇ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಬಿಡುತ್ತದೆ. ಸೌಮ್ಯ ಆಮ್ಲ ಪ್ರಾಚಾರ್ಯರ ಹಾಗೆ, ಒಳಗೇ ಇಟ್ಟುಕೊಂಡು ಕೇಳಿದಷ್ಟೇ ಕೊಡುತ್ತದೆ. ಆದರೆ ಎರಡನ್ನೂ ಸಮಸಮ ಕಲಸಿ, ಸಮಸಮ ಅಳೆದುಕೊಂಡರೆ, ಕೊನೆಗೆ ಎರಡಕ್ಕೂ ಅಷ್ಟೇ ಕ್ಷಾರ ಬೇಕಾಗುತ್ತದೆ. ಒಳಗಿನದೆಲ್ಲ ಒಂದಲ್ಲ ಒಂದು ಹೊತ್ತು ಹೊರಗೆ ಬರುತ್ತದೆ. ಹುಡುಗರು ಪ್ರಾಚಾರ್ಯರ ಹೆಸರು ಕೇಳಿ ನಗುತ್ತಿದ್ದರು, ಉಳಿದದ್ದು ಮರೆಯುತ್ತಿದ್ದರು.

ಪುಸ್ತಕದ ಪ್ರಕಾರ ಎಡಗೈಯಲ್ಲಿ ನಳ, ಬಲಗೈಯಲ್ಲಿ ಫ್ಲಾಸ್ಕು, ಒಬ್ಬರದೇ ಕೆಲಸ. ಪುಸ್ತಕ ಬರೆದವರು ನಮ್ಮ ಲ್ಯಾಬು ನೋಡಿಲ್ಲ. ನಮ್ಮ ಬ್ಯೂರೆಟ್ಟಿನ ನಳಕ್ಕೆ ಎಷ್ಟು ವ್ಯಾಸಲಿನ್ ಹಚ್ಚಿದರೂ ಎರಡು ಕೈ ಹಾಕದೆ ತಿರುಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಇದು ಜೋಡಿ ಕೆಲಸ. ಒಬ್ಬರು ನಳ, ಒಬ್ಬರು ಫ್ಲಾಸ್ಕು. ನಾನು ಮಾಡಿ ತೋರಿಸುವಾಗ ನಳಕ್ಕೆ ಯಾವಾಗಲೂ ಒಬ್ಬಳೇ ಹುಡುಗಿ, ಹನ್ನೆರಡನೆಯ ತರಗತಿಯವಳು. ಶಿರೂರ ಅನಂತಪಾಳ ಕಡೆಯವಳು, ಅಪ್ಪಟ ಮರಾಠಿ ಮನೆಯವಳು. ಬಾಯಿ ಬಿಡುವುದು ಅಪರೂಪ, ಕೈ ಮಾತ್ರ ಗಟ್ಟಿ. ಫ್ಲಾಸ್ಕು ಅಲ್ಲಾಡಿಸುತ್ತಾ ನನ್ನ ಮೈಯೆಲ್ಲ ಕಣ್ಣಾಗಿರುತ್ತಿತ್ತು, ಆ ಗಡಿಬಿಡಿಯಲ್ಲಿ ನನ್ನ ಬಾಯಿಂದ ಬರುತ್ತಿದ್ದದ್ದು ಕನ್ನಡವೇ. ಬಣ್ಣ ಕಂಡರೆ "ಬಂತ್!" ಅನ್ನುತ್ತಿದ್ದೆ, ಅವಳು ನಳ ಮುಚ್ಚುತ್ತಿದ್ದಳು. ಅಲ್ಲಾಡಿಸಿದಾಗ ಬಣ್ಣ ಅಳಿಸಿಹೋದರೆ "ಹೋತ್!" ಅನ್ನುತ್ತಿದ್ದೆ, ಅವಳು ಮತ್ತೆ ಒಂದು ಹನಿ ಬಿಡುತ್ತಿದ್ದಳು. ಬಂತ್, ಹೋತ್, ಬಂತ್. ಹುಡುಗಿ ಕನ್ನಡ ಕಲಿತುಬಿಟ್ಟಳು ಎಂದು ನನಗೆ ಒಳಗೊಳಗೇ ಹೆಮ್ಮೆ.

ತಜ್ಞರು ಬರುವ ಹಿಂದಿನ ದಿನ ಪ್ರಾಚಾರ್ಯರು ನನ್ನನ್ನು ಕರೆದರು. ಫೈಲಿನಿಂದ ತಲೆ ಎತ್ತದೆ, "ಮ್ಯಾಡಂ, ಉದ್ಯಾ ಕಾನಡಿ ನಕೋ" ಅಂದರು. ನಾಳೆ ಕನ್ನಡ ಬೇಡ. ಅಷ್ಟೇ, ಹೋಗಬಹುದು ಎಂದು ಕೈ ಮಾಡಿದರು. ನನ್ನ ಕಿವಿ ಬಿಸಿಯಾಯಿತು. ಬಾಗಿಲ ಹತ್ತಿರ ನಿಂತು ನಗುತ್ತಾ, "ನಿನ್ನ ನಾಲಿಗಿ ಮ್ಯಾಲ ಹುಣಸಿ ಬೆಳೀಲಿ" ಎಂದು ಮನೆದೇವರನ್ನು ನೆನೆದು, "ಹೋ ಸರ್, ಬರೋಬರ್ ಆಹೇ ಸರ್" ಅಂದೆ. ಆದರೂ ಅವರು ಹೇಳಿದ್ದು ಖರೆ ಇತ್ತು. ತಜ್ಞರು ದೂರದವರು. ಮರಾಠಿಯಲ್ಲಿ ಪಾಠ ಮಾಡಬೇಕಾದ ಬಾಯಿ ಕನ್ನಡ ಒದರಿದರೆ, ಇವಳೆಂಥ ಶಿಕ್ಷಕಿ ಎಂದು ಕೇಳಿಯಾರು.

ಮರುದಿನ ಎಲ್ಲರೂ ಲ್ಯಾಬಿನಲ್ಲಿ ಕೂತರು. ತಜ್ಞರು ಬಂದಿದ್ದರು, ಗಿಡ್ಡಗೆ, ನಗುಮುಖದ ಮನುಷ್ಯ. ಅಧ್ಯಕ್ಷರು ಮಾತ್ರ ಬಂದಿರಲಿಲ್ಲ. ಈಗ ಬಂದಾರು, ಆಗ ಬಂದಾರು ಎಂದು ಪ್ರಾಚಾರ್ಯರಿಂದ ಹಿಡಿದು ಕ್ಲಾರ್ಕಿನವರೆಗೆ ಎಲ್ಲರ ಕಣ್ಣೂ ಬಾಗಿಲ ಮೇಲೆ. ಕಾದು ಕಾದು ತಜ್ಞರು, ಶುರುಮಾಡ್ರಿ ಮ್ಯಾಡಂ, ಎಂದರು.

ತೀವ್ರ ಆಮ್ಲ ತೆಗೆದುಕೊಂಡೆ. ಹುಡುಗಿ ನಳಕ್ಕೆ ಎರಡೂ ಕೈ ಹಾಕಿದಳು. ನಾನು ಅಚ್ಚ ಮರಾಠಿಯಲ್ಲಿ ವಿವರಿಸುತ್ತಾ, ಬಾಯಿಗೆ ಬೀಗ ಹಾಕಿಕೊಂಡವಳ ಹಾಗೆ ಫ್ಲಾಸ್ಕು ಅಲ್ಲಾಡಿಸಿದೆ. ಹನಿ, ಹನಿ, ಹನಿ. ಥಟ್ಟನೆ ಗುಲಾಬಿ. ನಾಲಿಗೆಯ ತುದಿಗೆ ಬಂದ "ಬಂತ್" ಅನ್ನು ಕಚ್ಚಿ ಹಿಡಿದು, ಅದರ ಮರಾಠಿ ಹುಡುಕಿ, ಕಿರುಚಿದೆ: "ಆಲಾ! ಆಲಾ!"

ಬಂದ, ಬಂದ.

ಇಡೀ ಲ್ಯಾಬು ದಡಕ್ಕನೆ ಎದ್ದು ನಿಂತಿತು. ಪ್ರಾಚಾರ್ಯರು ಅಂಗಿಯ ಗುಂಡಿ ಹಾಕಿಕೊಂಡರು. ಕ್ಲಾರ್ಕು ಹೂವಿನ ಹಾರ ಹಿಡಿದು ಮುಂದೆ ಓಡಿದ. ನನ್ನ ಹುಡುಗಿ ನಳ ಬಿಟ್ಟು ಬಾಗಿಲಿಗೆ ಕೈ ಮುಗಿದು ನಿಂತಳು. ಬಾಗಿಲಲ್ಲಿ ಚಹಾದವನು, ಕೈಯಲ್ಲಿ ಕಿಟ್ಲಿ, ಇನ್ನೊಂದು ಕೈಯಲ್ಲಿ ಕಪ್ಪುಗಳ ತಟ್ಟೆ. ಇಷ್ಟು ಮಂದಿ ತನಗಾಗಿ ಎದ್ದದ್ದನ್ನು ಕಂಡು ಅವನು ಅಲ್ಲೇ ಹೊಸ್ತಿಲಲ್ಲಿ ನಿಂತುಬಿಟ್ಟ. ಇತ್ತ ತೆರೆದ ನಳದಿಂದ ಕಾಸ್ಟಿಕ್ ಸೋಡಾ ಸೊರ್ರನೆ ಸುರಿಯುತ್ತಿತ್ತು. ನಾನು ಒಬ್ಬಳೇ ಒದ್ದಾಡಿ ನಳ ಮುಚ್ಚುವ ಹೊತ್ತಿಗೆ ಫ್ಲಾಸ್ಕು ಕಡು ಕೆಂಗುಲಾಬಿ.

ತಜ್ಞರು ಬಗ್ಗಿ ನೋಡಿ, ಇದು ಎಂಡ್ ಪಾಯಿಂಟ್ ಅಲ್ಲ ಮ್ಯಾಡಂ, ಮದುಮಗನ ರುಮಾಲು, ಎಂದು ಮರಾಠಿಯಲ್ಲಿ ಅಂದರು. ಎಲ್ಲರೂ ನಕ್ಕರು. ಹುಣಸಿಬೊಡ್ಡಿ ನಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ನಿಂತಿತ್ತು. ಅಷ್ಟರಲ್ಲಿ ಅಧ್ಯಕ್ಷರ ಫೋನು ಬಂತು, ಲೋಹಾರಾದಲ್ಲಿ ಒಂದು ಲಗ್ನದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನೀವು ಮುಗಿಸ್ರಿ ಎಂದು. ಕ್ಲಾರ್ಕು ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಆಮ್ಲದ ಬಾಟಲಿಗೆ ಹಾಕಿದ.

ನನಗೆ ಸಿಟ್ಟು ನೆತ್ತಿಗೇರಿತು. ಸತ್ತರೂ ಸರಿ, ಇನ್ನು ನನ್ನ ಬಾಯಿ ನನ್ನದು, ಅಂದುಕೊಂಡೆ. ಸೌಮ್ಯ ಆಮ್ಲದ ಫ್ಲಾಸ್ಕು ಎಳೆದುಕೊಂಡು ಹುಡುಗಿಗೆ ಕಣ್ಣಲ್ಲೇ ಹೇಳಿದೆ, ಹಿಡಿ ನಳ. ಬಣ್ಣ ಮಿಂಚಿತು. "ಬಂತ್!" ಒದರಿದೆ. ನಳ ಮುಚ್ಚಿತು. ಅಲ್ಲಾಡಿಸಿದೆ, ಅಳಿಸಿತು. "ಹೋತ್!" ಒಂದು ಹನಿ ಬಿತ್ತು. "ಬಂತ್! ಹೋತ್! ಅಯ್ಯ ಹೋತಲ್ಲ! ಬಂತ್! ಬಂತ್ ಅಂದ್ನಲ್ಲ!" ಕೊನೆಗೆ ನಿಂತಿತು ನೋಡಿ, ಕೂಸಿನ ಅಂಗೈಯ ಬಣ್ಣ, ಇದೆಯೋ ಇಲ್ಲವೋ ಅನ್ನುವಷ್ಟು. ಅದೇ ಉಸಿರಿನಲ್ಲಿ ತೀವ್ರ ಆಮ್ಲವನ್ನು ಮತ್ತೊಮ್ಮೆ ಮಾಡಿದೆ. ಎರಡಕ್ಕೂ ಹಿಡಿದ ಕ್ಷಾರ ಒಂದೇ ಅಳತೆ. ತೋರಿಸಬೇಕಾದದ್ದೂ ಅದೇ.

ಕೈ ಒರೆಸಿಕೊಂಡು ನಿಂತೆ. ಕನ್ನಡ ಒದರಿದ್ದಕ್ಕೆ ಈಗ ಬೈಗುಳ ಬರುತ್ತದೆ ಎಂದು ಕಾದೆ. ತಜ್ಞರು ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಹೇಳಿದ್ದು ಇದು: "ಮ್ಯಾಡಂ ಕೊಡುವ ಸೂಚನೆ ಬಹಳ ಸ್ಪಷ್ಟ. ಮುಚ್ಚಬೇಕಾದಾಗ 'ಬಂದ್' ಅನ್ನುತ್ತಾರೆ. ಇನ್ನೂ ಆಗುತ್ತಾ ಇದೆ ಅನ್ನುವಾಗ 'ಹೋತ' ಅನ್ನುತ್ತಾರೆ. ಎರಡೇ ಮಾತು. ಉಳಿದವರೂ ಕಲಿಯಬೇಕು."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿದು ಮೇಜು ಹಿಡಿದುಕೊಂಡೆ. ಬಂತ್ ಅವರಿಗೆ ಬಂದ್. ನಾನು ಹೋಯಿತು ಅಂದದ್ದು ಅವರ ಮರಾಠಿಯಲ್ಲಿ ಆಗುತ್ತಿದೆ. ಎಲ್ಲರೂ ಹೋದ ಮೇಲೆ ಹುಡುಗಿಯನ್ನು ಹಿಡಿದು ಕೇಳಿದೆ, ಬಂತ್ ಅಂದರೆ ಏನೇ? ಅವಳು ಇದೆಂಥ ಪ್ರಶ್ನೆ ಎಂಬಂತೆ, "ಬಂದ್, ಮ್ಯಾಡಂ. ನಳ ಬಂದ್" ಅಂದಳು. ವರ್ಷವಿಡೀ ನಾನು ಕನ್ನಡದಲ್ಲಿ ಹೇಳಿದ್ದೇನೆ, ಅವಳು ಮರಾಠಿಯಲ್ಲಿ ಕೇಳಿದ್ದಾಳೆ, ಒಂದು ಹನಿಯೂ ತಪ್ಪಿಲ್ಲ. ತಿದ್ದಲು ಹೋಗಲಿಲ್ಲ. ನಡೆಯುವ ಗಾಡಿಗೆ ಯಾಕೆ ಕೈ ಹಾಕಲಿ?

ಆಮೇಲೆ ಕಾಯುವ ದಿನಗಳು. ಇಂದು ಬರುತ್ತದೆ ಆರ್ಡರು, ನಾಳೆ ಬರುತ್ತದೆ. ಮೇಲಿನ ಆಫೀಸಿನಲ್ಲಿ ಜಾಗವನ್ನೇ ತೆಗೆಯುವ ಮಾತು ನಡೆದಿದೆ ಎಂದು ಕ್ಲಾರ್ಕು ಹೊಸ ಸುದ್ದಿ ತಂದ. ನನಗೆ ಊಟ ರುಚಿಸದಾಯಿತು. ಸಿಟ್ಟು ಮಾಡಲೂ ಮನಸ್ಸಿರಲಿಲ್ಲ, ಅತ್ತೆ ಹೆದರಿ ನನ್ನ ಹಣೆ ಮುಟ್ಟಿ ನೋಡಿದರು.

ನನಗೆ ಪಾಠವಿಲ್ಲದ ಒಂದು ದಿನ ನಾನು ಒಲೆಯ ಮುಂದೆ ಪುಂಡಿ ಪಲ್ಯೆ ತಿರುವುತ್ತಿದ್ದೆ. ಫೋನು ಹೊಡೆಯಿತು. ನಳದ ಹುಡುಗಿ. ಏನೋ ಕೆಲಸಕ್ಕೆ ಕಾಲೇಜಿನ ಆಫೀಸಿಗೆ ಹೋದವಳು. ಗರ್ ಗರ್ ಸದ್ದಿನ ನಡುವೆ ಅವಳ ದನಿ ಮಾತ್ರ ಕೇಳಿಸಿತು: "ಮ್ಯಾಡಂ! ಬಂತ್! ಬಂತ್!" ಲೈನು ಕಡಿಯಿತು.

ಬಂದ್. ಅವಳ ನಾಲಿಗೆಯಲ್ಲಿ ಬಂತ್ ಅಂದರೆ ಬಂದ್. ಅವಳ ಬಾಯಿಂದಲೇ ಕೇಳಿ ತಿಳಿದವಳು ನಾನು. ಜಾಗ ಬಂದ್ ಆಯಿತು.

"ಯಾರ ಫೋನ? ಏನ್ ಬಂತ್?" ಅತ್ತೆ ಒಳಗಿನಿಂದ ಕೂಗಿದರು. ಅವರಿಗೆ ಕಿವಿ ಸ್ವಲ್ಪ ಮಂದ.

"ಬಂದ್ ಆತ್ರೀ ಅತ್ತಿ!"

"ಬಂತಾ? ಛಲೋ ಆತ್ ಬಿಡು!"

"ಬಂತ್ ಅಲ್ರೀ, ಬಂದ್! ಬಂದ್!"

"ಅದೇ ಅಂದ್ನಲ್ಲ, ಬಂತ್ ಅಂತ! ಯಾಕ ಒದರ್ತಿ?"

ನನಗೆ ಅಳು ಬಂತು. ಸಿಟ್ಟಿನ ಅಳುವಲ್ಲ, ಬರೀ ಅಳು. ಸಿಟ್ಟು ಅದರ ಹಿಂದಿನಿಂದ ಬಂತು. ಪ್ರಾಚಾರ್ಯರ ನಂಬರು ಒತ್ತಿದೆ. ಅವರು "ಹಾಂ, ಮ್ಯಾಡಂ" ಅಂದದ್ದೇ ತಡ, ಕನ್ನಡದಲ್ಲಿ ಶುರುಮಾಡಿದೆ. ಹೇಗಿದ್ದರೂ ತಿಳಿಯುವುದಿಲ್ಲವಲ್ಲ, ಹೊಟ್ಟೆ ಖಾಲಿ ಮಾಡಿಕೊಂಡು ಬಿಡೋಣ.

"ನಮಸ್ಕಾರ್ರೀ ಸರ್. ಜಾಗಾ ಬಂದ್ ಮಾಡ್ಸಿದ್ರಿ, ಭಾಳ ಛಲೋ ಮಾಡಿದ್ರಿ. ನಿಮ್ಮ ಹೊಟ್ಟಿ ತಣ್ಣಗಾತಿಲ್ಲೋ? ಸ್ಟೂಲಿನ ಮ್ಯಾಲ ಕುಂತ ಕುಂತ ನನ್ನ ಟೊಂಕ ಹೋತ್, ನಿಮ್ಮ ಕಣ್ಣಿಗಿ ಕಾಣ್ಸಲಿಲ್ಲ. ಮಾರಿ ನೋಡಿದ್ರ ಹುಣಸಿಬೊಡ್ಡಿ, ಮಾತ ಕೇಳಿದ್ರ ಹುಣಸಿಕಾಯಿ. ಒಂದ್ ದಿನಾ ನಕ್ಕಿದ್ರ ಏನ್ ಹಲ್ಲ ಉದುರ್ತಿದ್ವಾ? ಕಾನಡಿ ನಕೋ ಅಂದ್ರಿ. ಕನ್ನಡ ಮಾತಾಡಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ? ಆ ಕನ್ನಡದಾಗೇ ನಾ ಗುಲಾಬಿ ತಂದು ತೋರ್ಸಿದೆ, ನೀವು ಕಿಟಕ್ಯಾಗ ಮಾರಿ ಹಾಕ್ಕೊಂಡು ನಿಂತ್ರಿ!"

ಉಸಿರು ತೀರಿತು, ನಿಲ್ಲಿಸಿದೆ. ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ದನಿ. ಆಮೇಲೆ ಇಷ್ಟು:

"ಮ್ಯಾಡಂ, ನಿಮ್ಮ ಮನಿದೇವ್ರು ಮಾತಾಡ್ಲತ್ತೀನಿ. ಹುಣಸಿಬೊಡ್ಡಿ."

ಒಲೆಯ ಮೇಲಿನ ಪಲ್ಯೆ ಮರೆತೇ ಹೋಯಿತು. ಅದು ಕಲಿತ ಕನ್ನಡವಲ್ಲ. ನನ್ನ ಮನೆಯ ಕನ್ನಡ.

"ಬಂದ್ ಅಲ್ಲವ್ವಾ. ಬಂತ್. ನಿಮ್ಮ ಆರ್ಡರ್ ಬಂತ್. ನನ್ನ ಎದುರಿಗೇ ಅದ. ಆ ಪೋರಿಗಿ ನಾನೇ ಕಲಿಸ್ದೆ, ಬಂತ್ ಅಂದ್ರ ಬಂದ್ ಅಲ್ಲ, ಮರಾಠ್ಯಾಗ ಆಲಾ ಅಂತ ಅರ್ಥ, ಮ್ಯಾಡಂಗ ಅವರ ಭಾಷಾದಾಗೇ ಹೇಳು, ಖುಷಿ ಆಗ್ತಾರಂತ. ಆಕಿ ಹೇಳಿದ್ದು ಖರೇ ಹೇಳ್ಯಾಳ. ನೀವೇ ತಪ್ಪ ಕೇಳೀರಿ."

"ಸರ್, ನಿಮಗ ಕನ್ನಡ..."

"ನಮ್ಮವ್ವ ಬೀದರ ಕಡ್ಯಾಕಿ. ಮನ್ಯಾಗ ಅದೇ ಮಾತು."

"ಹಂಗಾದ್ರ ಕಿಟಕಿ ಕಡಿ ಯಾಕ ಮಾರಿ ಮಾಡಿದ್ರಿ?"

"ನಗಾಕ. ಚಹಾದಂವಗ ಹಾರಾ ಹಾಕ್ಲಾಕ ಹೋದ್ರಲ್ಲ, ತಡೀಲಾಗ್ಲಿಲ್ಲ."

"ಮತ್ತ ಇಷ್ಟ್ ವರ್ಷ ನಾ ಬೈದದ್ದೆಲ್ಲ ಕೇಳ್ಕೋತ ಸುಮ್ಮನ್ಯಾಕ ಇದ್ರಿ? ಒಂದ್ ಮಾತ ಅನಬಾರ್ದಿತ್ತಾ?"

"ಅಂದಿದ್ರ ನೀವು ಬೈಯೋದು ಬಿಡ್ತಿದ್ರಿ. ನಮ್ಮವ್ವ ಹೋದ ಮ್ಯಾಲ ನನಗ ಕನ್ನಡದಾಗ ಬೈಯೋರು ಯಾರೂ ಉಳಿದಿರ್ಲಿಲ್ಲವ್ವಾ."

ಪುಂಡಿ ಪಲ್ಯೆ ತಳ ಹತ್ತಿದ ವಾಸನೆ ಬರುತ್ತಿತ್ತು. ಅತ್ತೆ ಬಾಗಿಲಿಗೆ ಬಂದು, ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಿಂತಿದ್ದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡು, ಇದ್ದ ದನಿಯನ್ನೆಲ್ಲ ಒಟ್ಟು ಮಾಡಿದೆ.

"ಹಂಗಿದ್ರ ನೆಟ್ಟಗ ಕೇಳ್ರಿ, ಹುಣಸಿಬೊಡ್ಡಿ. ನಾಳಿ ನಾ ಬರೂದ್ರೊಳಗ ಸ್ಟಾಫ್‌ರೂಮಿನ್ಯಾಗ ನನ್ನ ಕುರ್ಚಿ ಇರಬೇಕ. ಬೆನ್ನ ಇದ್ದದ್ದು. ನಾಕೂ ಕಾಲ ಸಮಾ ಇದ್ದದ್ದು. ತಿಳೀತಿಲ್ಲೋ?"

"ಹೋ ಮ್ಯಾಡಂ," ಅಂದರು ಪ್ರಾಚಾರ್ಯರು, "ಬರೋಬರ್ ಆಹೇ ಮ್ಯಾಡಂ."